ನಿಮಿಷಕ್ಕೆ ಹದಿನೆಂಟು

ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಬಂದದ್ದು ತಪ್ಪಾಯಿತೇನೋ ಎಂದು ಲೀನಾಳಿಗೆ ಅನ್ನಿಸಿದ್ದು, ಒಬ್ಬ ಹುಡುಗಿ ಹತ್ತಿರ ಬಂದು, "ಮೇಡಂ, ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಎಂದು ಕೇಳಿದಾಗ. ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಕಾಲೇಜಿನ ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಕಪ್ಪು ಕೋಟು ಸುಕ್ಕಾದೀತೆಂದು ಗೋಡೆಗೆ ಒರಗದೆ ನೆಟ್ಟಗೆ ನಿಂತ ಮೂವತ್ತೆಂಟು ವರ್ಷದ ಹೆಂಗಸನ್ನು ಯಾರಾದರೂ ಆಫೀಸಿನವಳೆಂದೇ ತಿಳಿಯುತ್ತಾರೆ. ಅವಮಾನ ಆದದ್ದು ಅದರಿಂದಲ್ಲ. ನಾನೂ ನಿನ್ನ ಹಾಗೆ ಸಂದರ್ಶನಕ್ಕೆ ಬಂದವಳು ಅನ್ನುವ ಬದಲು ಲೀನಾ, "ಬಲಗಡೆ ತಿರುಗಿ, ನೀರಿನ ಮೆಷಿನ್ ಆದ್ಮೇಲೆ ಎರಡನೇ ಬಾಗಿಲು" ಎಂದು ಅಂಗೈ ಬಿಚ್ಚಿ ದಾರಿ ತೋರಿಸಿಬಿಟ್ಟಿದ್ದಳು. ತನ್ನ ಊರು ಫಾಲ್ ರಿವರಿನ ಕ್ಲಿನಿಕ್ಕಿನಲ್ಲಿ ಹದಿಮೂರು ವರ್ಷದಿಂದ ಮೂತ್ರದ ಲೋಟ ಹಿಡಿದು ನಿಂತವರಿಗೆಲ್ಲ ತೋರಿಸುತ್ತ ಬಂದ ಅದೇ ಕೈಯಲ್ಲಿ, ಅದೇ ದನಿಯಲ್ಲಿ. ಹುಡುಗಿ ವಾಪಸು ಬರುವಾಗ ಲೀನಾಳ ಕೋಟಿನ ಮೇಲಿದ್ದ ಹೆಸರಿನ ಚೀಟಿ ನೋಡಿದಳು. ಹುಡುಗಿಯ ಕೋಟಿನ ಮೇಲೂ ಅಂಥದೇ ಚೀಟಿ: ಪೇಟನ್.

"ಅಯ್ಯೋ ಸಾರಿ! ನೀವೂ ಸೀಟಿಗೇ ಬಂದಿದ್ದೀರಾ?"

"ಹೌದು. ನಾನೂ."

"ಎಷ್ಟು ಖುಷಿಯಾಯ್ತು ಗೊತ್ತಾ! ನಮ್ಮಮ್ಮನೂ ಮತ್ತೆ ಓದ್ತೀನಿ ಅಂತ ಹೊರಟಿದ್ದಾಳೆ." ಪೇಟನ್ ನಿಜವಾಗಿಯೂ ಖುಷಿಯಿಂದ ಹೇಳಿದ್ದಳು. ಆಮೇಲೆ ದನಿ ತಗ್ಗಿಸಿ, ಇಲ್ಲಿ ಬಂದವರೆಲ್ಲ ಒಬ್ಬರನ್ನೊಬ್ಬರು ಕೇಳುವುದನ್ನೇ ಕೇಳಿದಳು. "ನಿಮ್ದು ಎಷ್ಟು ಗಂಟೆ?"

ರೋಗಿಗಳ ಮೈ ಮುಟ್ಟಿ ಕೆಲಸ ಮಾಡಿದ ಗಂಟೆಗಳು. ಅರ್ಜಿಯಲ್ಲಿ ಅದಕ್ಕೆ ಬೇರೆಯೇ ಒಂದು ಪುಟ. ಸಾವಿರ ಇದ್ದರೆ ಅರ್ಜಿ ಹಾಕಬಹುದು, ಎರಡು ಸಾವಿರ ಇದ್ದರೆ ಮರ್ಯಾದೆ, ನಾಲ್ಕಾದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.

"ಇಪ್ಪತ್ತಾರು ಸಾವಿರ."

ಪೇಟನ್ ನಗಲು ಹೊರಟವಳು ನಿಲ್ಲಿಸಿದಳು. "ತಮಾಷೆ ಅಲ್ವಲ್ಲ? ನಂದು ಎರಡು ಸಾವಿರದ ನೂರು. ಹಾಗಾದ್ರೆ ಬಿಡಿ, ನಿಮ್ ಸೀಟು ಆಗ್ಲೇ ಆಗೋಯ್ತು."

ಆಗಿಹೋಗುವುದಾದರೆ ಹೋದ ವರ್ಷವೇ ಆಗಬೇಕಿತ್ತು. ಹನ್ನೊಂದು ಕಾಲೇಜುಗಳಿಂದ ಸೀಟಿಲ್ಲವೆಂದು ಹನ್ನೊಂದು ಪತ್ರ, ಹತ್ತರಲ್ಲಿ ಒಂದೇ ವಾಕ್ಯ, ಹನ್ನೊಂದನೆಯದರಲ್ಲಿ ಅವಳ ಹೆಸರೂ ತಪ್ಪು. ಆ ಪತ್ರಗಳನ್ನು ಅವಳು ತಾಯಿಗೆ ತೋರಿಸಲಿಲ್ಲ, ತೋರಿಸಿದ್ದರೂ ತಾಯಿಗೆ ಅರ್ಥವಾಗುತ್ತಿರಲಿಲ್ಲ. ದೂರದ ದ್ವೀಪವೊಂದರಿಂದ ವಲಸೆ ಬಂದು ಮೂವತ್ತು ವರ್ಷ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದ ತಾಯಿ ಆ ಊರಿನ ಭಾಷೆಯನ್ನು ಸೂಪರ್‌ವೈಸರನ ಬೈಗುಳಗಳಷ್ಟೇ ಕಲಿತಿದ್ದಳು. ಆದರೆ ಮಗಳು ಏನಾಗಲು ಹೊರಟಿದ್ದಾಳೆ ಎಂಬುದು ಅವಳಿಗೆ ಮಗಳು ಓದಲು ಹೊರಟ ದಿನವೇ ಒಂದೇ ಮಾತಿಗೆ ಸಿಕ್ಕಿತ್ತು. ಎಲೆಕೋಸಿನ ಸಾರಿಗೆ ಆಲೂಗಡ್ಡೆ ಹೆಚ್ಚುತ್ತ, ಚಾಕುವನ್ನು ಮಗಳ ಕಡೆ ತಿರುಗಿಸಿ ಕೇಳಿದ್ದಳು: "ಈಗ ನೀನೇನು?" ಮೆಡಿಕಲ್ ಅಸಿಸ್ಟೆಂಟ್, ಅಮ್ಮ. "ಓದಿ ಏನಾಗ್ತೀಯ?" ಫಿಜಿಷಿಯನ್ ಅಸಿಸ್ಟೆಂಟ್. "ನಾಲ್ಕೈದು ವರ್ಷದಿಂದ ಅಸಿಸ್ಟೆಂಟು, ಇನ್ನು ಏಳೆಂಟು ವರ್ಷ ಕಣ್ಣು ಹಾಳುಮಾಡ್ಕೊಂಡು ಓದಿ ಮತ್ತೆ ಅಸಿಸ್ಟೆಂಟೇ ಆಗ್ತೀಯಾ? ನಮ್ಮ ಕಾರ್ಖಾನೇಲಿ ಹೆಲ್ಪರ್ ಆಗಿ ಸೇರಿದೋಳು ಹೆಲ್ಪರ್ ಆಗೇ ಸತ್ಲು ಕಣೇ, ಆದ್ರೆ ಪಾಪ ಅದಕ್ಕೆ ಅವಳು ಪರೀಕ್ಷೆ ಬರೀಲಿಲ್ಲ." ಇದು ಬೇರೆ ಅಮ್ಮ, ರೋಗ ಕಂಡುಹಿಡಿಯೋದು, ಔಷಧಿ ಬರೆಯೋದು, ನಮ್ಮ ಕ್ಲಿನಿಕ್ಕಲ್ಲಿ ಬರ್ನಡೆಟ್ ಮಾಡೋ ಕೆಲಸ. "ಬರ್ನಡೆಟ್ ಡಾಕ್ಟರಲ್ವಾ?" ಅಲ್ಲ. "ನರ್ಸೂ ಅಲ್ವಾ?" ಅಲ್ಲ. "ಹಾಗಾದ್ರೆ ನನ್ನ ಮಂಡಿಗೆ ಸೂಜಿ ಚುಚ್ಚಿದ್ದು ಯಾರು?" ಲೀನಾ ನಕ್ಕಿದ್ದಳು. ನಗುವಾಗಲೂ ಒಳಗೆ ಎಲ್ಲೋ ಒಂದು ಕಡೆ, ತಾಯಿ ಹೇಳಿದ್ದೇ ಸರಿ ಇದ್ದರೆ ಎಂಬ ಹೆದರಿಕೆ ಕೂತಿತ್ತು. ಆ ಹೆದರಿಕೆಯ ಮೇಲೆಯೇ ಅವಳು ಸಂಜೆ ಕಾಲೇಜಿಗೆ ಎಂಟು ವರ್ಷ ಓಡಾಡಿದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜೀವಶಾಸ್ತ್ರದಲ್ಲಿ ಬಂದ ಕೆಟ್ಟ ಅಂಕ, ಮತ್ತೆ ಕೂತು ಒಳ್ಳೆಯ ಅಂಕ ತಂದರೂ ಅಳಿಯುವುದಿಲ್ಲವಂತೆ. ಎರಡನ್ನೂ ಸೇರಿಸಿ ಸರಾಸರಿ ಮಾಡುತ್ತಾರಂತೆ. ಅಂಗರಚನಾಶಾಸ್ತ್ರ ಓದಿ ಹತ್ತು ವರ್ಷ ದಾಟಿತೆಂದು ಅದೂ ರದ್ದಾಯಿತು, ಹಾಲಿನ ಪ್ಯಾಕೆಟ್ಟಿಗೆ ಇರುವಂತೆ ಅದಕ್ಕೂ ಕೊನೆಯ ತಾರೀಕು. ಹತ್ತು ವರ್ಷದಲ್ಲಿ ಮನುಷ್ಯನ ಮೂಳೆ ಬೇರೆ ಜಾಗಕ್ಕೆ ಹೋಗುತ್ತದೆಯೇ ಎಂದು ಅವಳು ಕೌಂಟರಿನಲ್ಲಿ ಕೇಳಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಇನ್ನೂರಾರು ಮೂಳೆಗಳನ್ನು ಮತ್ತೆ ಮೊದಲಿಂದ ಬಾಯಿಪಾಠ ಮಾಡಿದಳು, ಬಸ್ಸಿನಲ್ಲಿ, ತನ್ನದೇ ಮಣಿಕಟ್ಟು ಹಿಸುಕಿಕೊಳ್ಳುತ್ತ.

ಕಾರಿಡಾರಿನ ಕೊನೆಯ ಬಾಗಿಲು ತೆರೆದು ಯಾರದೋ ಹೆಸರು ಕರೆದರು. ಅವಳದಲ್ಲ. ಒಬ್ಬ ಹುಡುಗ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಳಗೆ ಹೋದ. ಅವನ ಎದೆ ಏರಿಳಿಯುವುದನ್ನು ನೋಡಬಾರದೆಂದು ಲೀನಾ ನೆಲ ನೋಡಿದಳು.

ಜ್ವರಕ್ಕೆ ಮೆಷಿನ್ ಇದೆ. ರಕ್ತದೊತ್ತಡಕ್ಕಿದೆ, ನಾಡಿಗಿದೆ. ಉಸಿರಿಗೆ ಮಾತ್ರ ಕ್ಲಿನಿಕ್ಕುಗಳಲ್ಲಿ ಮೆಷಿನ್ ಇಲ್ಲ. ಯಾರಾದರೂ ರೋಗಿಯ ಎದುರು ಸುಮ್ಮನೆ ಕೂತು, ಗಡಿಯಾರ ನೋಡುತ್ತ, ಒಂದು ನಿಮಿಷ ಎಣಿಸಬೇಕು. ದಿನಕ್ಕೆ ಇಪ್ಪತ್ತೆಂಟು ಜನರನ್ನು ಕೋಣೆಯಲ್ಲಿ ಕೂರಿಸುವವಳಿಗೆ ಆ ಒಂದು ನಿಮಿಷ ಎಲ್ಲಿಂದ ಬರಬೇಕು? ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಹಳಬಳೊಬ್ಬಳು ಹೇಳಿಕೊಟ್ಟಿದ್ದಳು: "ಉಸಿರಾಡ್ತಾ ಇದಾನೆ ತಾನೆ? ಹಾಗಾದ್ರೆ ಹದಿನೆಂಟು ಬರಿ. ಬೇಜಾರಾದ್ರೆ ಹದಿನಾರು ಬರಿ." ಇಡೀ ಊರು ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಿತ್ತು, ಮಕ್ಕಳು, ಬಸುರಿಯರು, ದಮ್ಮಿನ ಮುದುಕರು, ಎಲ್ಲರೂ. ಬೆಟೆಂಕೋರ್ಟ್ ಕೂಡ. ನೂಲಿನ ಮಿಲ್ಲಿನಲ್ಲಿ ಕೂದಲು ನರೆಸಿದ ಮನುಷ್ಯ, ಅವಳ ತಾಯಿಯ ದ್ವೀಪದವನೇ, ಬಂದಾಗಲೆಲ್ಲ ರೇಗಿಸುತ್ತಿದ್ದ. ಫೆಬ್ರವರಿಯ ಒಂದು ಮಂಗಳವಾರವೂ ಮೇಜಿನ ಮೇಲೆ ಕೂತು, "ಏನಮ್ಮಾ ಡಾಕ್ಟರಮ್ಮ, ನಿನ್ನ ಓದು ಮುಗಿಯೋದ್ರೊಳಗೆ ನಾನು ಮುಗೀತೀನೋ ಏನೋ" ಅಂದಿದ್ದ, ಅರ್ಧ ಅರ್ಧ ಮಾತಿಗೆ ನಿಲ್ಲಿಸಿ ನಿಲ್ಲಿಸಿ. ನಾಡಿ ನೂರಾ ನಾಲ್ಕು: ಮೆಟ್ಟಿಲು ಹತ್ತಿ ಬಂದಿದ್ದಾರೆ ಅಂದುಕೊಂಡಳು. ಬೆರಳು ಮಂಜುಗಡ್ಡೆಯಾಗಿ ಆಮ್ಲಜನಕದ ಮೆಷಿನ್ ಅಂಕಿಯನ್ನೇ ತೋರಿಸಲಿಲ್ಲ: ಆಮೇಲೆ ನೋಡಿದರಾಯಿತು. ಸಂಜೆ ರಸಾಯನಶಾಸ್ತ್ರದ ಪರೀಕ್ಷೆ ಇತ್ತು, ಅವಳ ತಲೆಯೊಳಗೆ ಇಂಗಾಲದ ಆರು ಮೂಲೆಯ ಉಂಗುರಗಳು ಸುತ್ತುತ್ತಿದ್ದವು. ಅವನ ಮುಖ ನೋಡುತ್ತ ನಕ್ಕಳು, ಬೆರಳು ತಾನಾಗಿಯೇ ಹದಿನೆಂಟು ಒತ್ತಿತು. ಬರ್ನಡೆಟ್ ಒಳಗೆ ಹೋಗಿ ಒಂದು ನಿಮಿಷಕ್ಕೆ ಹೊರಗೆ ಬಂದಳು. ಕೂಗಲಿಲ್ಲ. "ಲೀನಾ, ಇಲ್ಲಿ ಬಾ. ಅವರೆದುರು ನಿಂತ್ಕೊ. ಎಣಿಸು." ಎಣಿಸಿದಳು. ಮೂವತ್ತೆರಡು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಂಬುಲೆನ್ಸ್ ಬಂತು. ಹದಿನೇಳು ದಿನಕ್ಕೆ ಮನೆಗೆ ಬಂದ, ಬದುಕಿದ, ಈಸ್ಟರ್ ಹೊತ್ತಿಗೆ ಅವನ ಮಗಳು ಮೊಟ್ಟೆ ಹುದುಗಿಸಿ ಬೇಯಿಸಿದ ಸಿಹಿ ಬ್ರೆಡ್ಡು ತಂದು ಲೀನಾಳ ಕೈಗಿಟ್ಟು, "ನೀವಿಲ್ದಿದ್ರೆ ನಮ್ಮಪ್ಪ ಇರ್ತಿರ್ಲಿಲ್ಲ" ಎಂದು ಅತ್ತಳು. ಲೀನಾ ಆ ಬ್ರೆಡ್ಡು ತೆಗೆದುಕೊಂಡಳು. ಬರ್ನಡೆಟ್ ಅಲ್ಲೇ ಫೈಲು ನೋಡುತ್ತ ನಿಂತಿದ್ದಳು, ತಲೆ ಎತ್ತಲಿಲ್ಲ. ಇವತ್ತಿಗೂ ಆ ಬ್ರೆಡ್ಡಿನ ರುಚಿ ಕೇಳಿದರೆ ಅವಳು ಹೇಳಲಾರಳು, ಆದರೆ ಪೂರ್ತಿ ತಿಂದದ್ದು ನಿಜ.

ಅಷ್ಟಕ್ಕೇ ನಿಂತಿದ್ದರೆ ಅದು ಅವಳ ಮತ್ತು ಬರ್ನಡೆಟ್ಟಳ ನಡುವಿನ ವಿಷಯವಾಗಿ ಉಳಿಯುತ್ತಿತ್ತು. ಎರಡನೆಯ ಸಲ ಅರ್ಜಿ ಹಾಕುವಾಗ ಪ್ರಬಂಧ ಬರೆಯಬೇಕಾಯಿತು: ನೀವು ಯಾಕೆ ಈ ವೃತ್ತಿಗೆ ಬರಬೇಕು ಅನ್ನುತ್ತೀರಿ? ಐದು ಸಾವಿರ ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ಲೀನಾ ಇದ್ದದ್ದನ್ನು ಇದ್ದ ಹಾಗೆ ಬರೆದು ಸಂಜೆ ಕಾಲೇಜಿನ ಸಲಹೆಗಾರನಿಗೆ ಕೊಟ್ಟಳು. ಅವನು ಒಳ್ಳೆಯವನು, ಅವಳಿಗೆ ಸೀಟು ಸಿಗಲೆಂದು ನಿಜವಾಗಿ ಆಸೆಪಟ್ಟವನು. "ಈ ಮುದುಕನ ಕಥೆ ಅದ್ಭುತ. ಆದ್ರೆ ನೋಡಿ, ಆರುನೂರು ಅಕ್ಷರ ಜಾಸ್ತಿ ಇದೆ. ಈ ಹದಿನೆಂಟರ ವಿಷಯ ತೆಗೀರಿ, ಇದು ನಿಮ್ಮನ್ನ ಚಿಕ್ಕದು ಮಾಡುತ್ತೆ." ಅವನು ಗೀಟು ಹಾಕಿದ. ಲೀನಾ ಮನೆಗೆ ಹೋಗಿ ಗೀಟು ಹಾಕಿದ್ದನ್ನು ತೆಗೆದಳು. ತೆಗೆದ ಮೇಲೆ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಹೊಂದಿಕೆ ಆಗದೆ, ನಡುವೆ ತನ್ನದೇ ಕೈಯಿಂದ ಸೇರಿಸಿದಳು: ಅವರ ಉಸಿರು ವೇಗವಾಗಿದ್ದುದನ್ನು ಗಮನಿಸಿ ನಾನು ಕೂಡಲೇ ತಿಳಿಸಿದೆ. ನಾಲ್ಕು ಸಾವಿರದ ಒಂಬೈನೂರ ಎಂಬತ್ತೆಂಟು ಅಕ್ಷರ. ಇದರಲ್ಲಿ ಬರೆದದ್ದೆಲ್ಲ ನಿಜ ಎಂಬ ಚೌಕದಲ್ಲಿ ಗುರುತು ಹಾಕಿ ಕಳಿಸಿದಳು. ಮಾರನೆಯ ವಾರ ಬರ್ನಡೆಟ್ಟಳ ಎದುರು ನಿಂತು ಶಿಫಾರಸು ಪತ್ರ ಕೇಳಿದಳು. ಆ ಪತ್ರ ನೇರ ಕಾಲೇಜಿಗೆ ಹೋಗುತ್ತದೆ. ಓದುವ ಹಕ್ಕು ಅರ್ಜಿದಾರಳಿಗೆ ಇದೆ, ಆದರೆ ಆ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯೇ ಕೇಳುತ್ತದೆ, ಎಲ್ಲರೂ ಬಿಟ್ಟುಕೊಡುತ್ತಾರೆ. ಬಿಡದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ಲೀನಾಳೂ ಬಿಟ್ಟುಕೊಟ್ಟಳು. ಎಂಟು ತಿಂಗಳಿಂದ ಬರ್ನಡೆಟ್ಟಳ ಜೊತೆ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದಾಳೆ, ಏನು ಬರೆದಿರಿ ಎಂದು ಕೇಳುವಂತಿಲ್ಲ. ಬರ್ನಡೆಟ್ ಸುಳ್ಳು ಬರೆಯುವವಳಲ್ಲ, ಒಳ್ಳೆಯದನ್ನು ಮುಚ್ಚಿಡುವವಳೂ ಅಲ್ಲ. ಈಗ ಆ ಬಾಗಿಲಿನ ಹಿಂದೆ, ಒಂದೇ ಫೈಲಿನಲ್ಲಿ ಆ ಎರಡು ಕಾಗದಗಳು ಮೈಗೆ ಮೈ ತಾಗಿಸಿಕೊಂಡು ಮಲಗಿವೆ. ಪತ್ರದಲ್ಲಿ ಹದಿನೆಂಟು ಇದ್ದರೆ ತಾನು ಸುಳ್ಳುಗಾತಿ. ಇಲ್ಲದಿದ್ದರೆ, ತಾನು ಬಾಯಿ ಬಿಟ್ಟರೆ, ತನಗಾಗಿ ಸುಮ್ಮನಿದ್ದ ಬರ್ನಡೆಟ್ಟಳ ಮಾತಿಗೂ ಮಸಿ.

"ಇಡಾಲಿನಾ ಪಚೆಕೊ?"

ತನ್ನ ಪೂರ್ತಿ ಹೆಸರು ಕೇಳಿ ಲೀನಾ ಒಳಗೆ ಹೋದಳು. ಅಲ್ಲಿ ಇಬ್ಬರಿದ್ದರು. ಹೋಲ್ಕಂಬ್ ಎಂಬ ಕೆಂಪು ಮುಖದ, ಎದ್ದು ಕೈಕುಲುಕಿದ ಮನುಷ್ಯ. ಪ್ರಿಚರ್ಡ್ ಎಂಬ ತೆಳ್ಳನೆಯ ಹೆಂಗಸು, ಏಳದೆ ತಲೆಯಾಡಿಸಿದಳು. ಇಬ್ಬರೂ ಹಿಂದೆ ಇದೇ ಕೆಲಸ ಮಾಡಿ ಈಗ ಕಲಿಸುತ್ತಿರುವವರು. ದಾರಿಯಲ್ಲಿ ತೊಂದರೆಯಾಯಿತೇ, ನೀರು ಬೇಕೇ. ಹೋಲ್ಕಂಬ್ ಫೈಲು ತೆರೆದು ಒಂದು ಹಾಳೆಯ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ನೋಡಿ, ನಿಜ ಹೇಳ್ತೀನಿ. ನಮಗೆ ಸಾವಿರದ ಇನ್ನೂರು ಪ್ರಬಂಧ ಬಂದಿದ್ವು. ನಿಮ್ದನ್ನ ನಾನು ನನ್ನ ಹೆಂಡತಿಗೆ ಓದಿ ಹೇಳ್ದೆ. ಆ ಮಿಲ್ಲಿನ ಮುದುಕ! ಮೆಷಿನ್ನುಗಳ ಮಧ್ಯೆ ನೀವು ಮನುಷ್ಯನ ಉಸಿರು ಗಮನಿಸಿದ್ರಲ್ಲ, ನಮಗೆ ಬೇಕಾಗಿರೋದೇ ಅಂಥ ಕಣ್ಣು. ಅದನ್ನ ನಿಮ್ಮ ಬಾಯಿಂದ ಕೇಳೋಣ ಅಂತ."

ಕನ್ನಡಿಯ ಮುಂದೆ ಅವಳು ಇದನ್ನು ನಲವತ್ತು ಸಲ ಹೇಳಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಗೊತ್ತಿತ್ತು. ಬಾಯಿ ತೆರೆದರೆ ಸಾಕು, ಅದು ತಾನಾಗಿ ಬರುತ್ತದೆ, ಬೆರಳಿಗೆ ಅಂಕಿ ಬಂದ ಹಾಗೆ. ಪ್ರಿಚರ್ಡ್ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಳ ಮುಖದಿಂದ ಪತ್ರದಲ್ಲಿ ಏನಿದೆಯೆಂದು ಓದಲು ಲೀನಾ ನೋಡಿದಳು, ಆಗಲಿಲ್ಲ. ಹೆದರಿಕೆಯ ಬದಲು ಮೆಲ್ಲನೆ ಬೇರೊಂದು ಏಳುತ್ತಿತ್ತು, ಅದು ಸಿಟ್ಟು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಾಯ ತೊಳೆದಿದ್ದಳು, ವಾಂತಿ ಹಿಡಿದಿದ್ದಳು, ಸತ್ತ ಕೂಸಿನ ತಾಯಿಯ ಪಕ್ಕ ಮೂರು ಗಂಟೆ ಏನೂ ಹೇಳದೆ ಕೂತಿದ್ದಳು. ಇಪ್ಪತ್ತಾರು ಸಾವಿರ ಗಂಟೆ. ಅಷ್ಟರಲ್ಲಿ ಇವರಿಗೆ ಇಷ್ಟವಾದದ್ದು, ಇವರು ಹೆಂಡತಿಗೆ ಓದಿ ಹೇಳಿದ್ದು, ತನ್ನದಲ್ಲದ ಒಂದು ನಿಮಿಷ.

"ನಾನು ಗಮನಿಸ್ಲಿಲ್ಲ," ಅಂದಳು.

"ಏನಂದ್ರಿ?"

"ನಾನು ಗಮನಿಸ್ಲಿಲ್ಲ ಸರ್. ಎಣಿಸದೆ ಹದಿನೆಂಟು ಅಂತ ಬರ್ದೆ. ಮೂವತ್ತೆರಡಿತ್ತು. ಗಮನಿಸಿದ್ದು ಬರ್ನಡೆಟ್ ಕೀಫ್, ನನಗೆ ಪತ್ರ ಕೊಟ್ಟಿರೋರು."

ಪ್ರಿಚರ್ಡ್ ಪೆನ್ನು ಕೆಳಗಿಟ್ಟಳು. "ಪ್ರಬಂಧದಲ್ಲಿ ಹಾಗಿಲ್ಲ."

"ಇಲ್ಲ."

"ಬರೆದಿದ್ದೆಲ್ಲ ನಿಜ ಅಂತ ಒಪ್ಪಿಗೆ ಕೊಟ್ಟಿದ್ದೀರಿ."

"ಕೊಟ್ಟಿದ್ದೀನಿ."

"ಯಾಕೆ?"

"ಸೀಟು ಬೇಕಿತ್ತು."

"ಈಗ ಬೇಡ್ವಾ?"

"ಈಗ್ಲೂ ಬೇಕು. ಇನ್ನೂ ಜಾಸ್ತಿ ಬೇಕು. ಆದ್ರೆ ಆ ವಾಕ್ಯಕ್ಕೆ ಕೊಡೋದಾದ್ರೆ ಬೇಡ. ಅದು ನನ್ನದಲ್ಲ."

ಹೋಲ್ಕಂಬ್‌ಗೆ ತನ್ನ ಹಾಳೆಯನ್ನು ಯಾರೋ ಕಿತ್ತುಕೊಂಡಂತಾಗಿತ್ತು. ಆದರೂ ಒಳ್ಳೆಯ ಮನುಷ್ಯ, ಅವಳಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಎಸೆದ. "ಸರಿ. ತಪ್ಪು ಎಲ್ರೂ ಮಾಡ್ತಾರೆ. ಅದ್ರಿಂದ ಏನು ಕಲಿತ್ರಿ, ಅದನ್ನ ಹೇಳಿ."

"ಕಲಿತೆ ಅಂದ್ರೆ ಅದೂ ಇನ್ನೊಂದು ಚೆಂದದ ಕಥೆ ಆಗುತ್ತೆ ಸರ್. ಒಂದು ವಾರ ಎಲ್ಲರದ್ದೂ ಎಣಿಸಿದೆ. ಎಂಟನೇ ದಿನ ರಶ್ ಇತ್ತು, ಮತ್ತೆ ಹದಿನೆಂಟು ಬರ್ದೆ. ಮನೆಗೆ ಹೋಗಿ ನಿದ್ದೆ ಬರ್ಲಿಲ್ಲ. ಈಗ ಎಣಿಸೋಕಾಗದಿದ್ರೆ ಖಾಲಿ ಬಿಡ್ತೀನಿ. ಖಾಲಿ ಬಿಟ್ಟಿದ್ದಕ್ಕೆ ಮ್ಯಾನೇಜರ್ ಮೂರು ಸಲ ಕರೆದು ಬೈದಿದಾರೆ. ಹದಿನೆಂಟು ಬರೆದಿದ್ದಕ್ಕೆ ಹದಿಮೂರು ವರ್ಷದಲ್ಲಿ ಯಾರೂ ಒಂದು ಸಲಾನೂ ಬೈಲಿಲ್ಲ, ಬರ್ನಡೆಟ್ ಬಿಟ್ಟು." ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ನೀವಿಬ್ರೂ ಈ ಕೆಲಸ ಮಾಡಿ ಬಂದೋರು. ಫೈಲಲ್ಲಿ ಹದಿನೆಂಟು ನೋಡಿದಾಗ ನೀವು ನಂಬ್ತಿದ್ರಾ?"

ಹೋಲ್ಕಂಬನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಪ್ರಿಚರ್ಡ್, "ಇದನ್ನ ಕಮಿಟಿಗೆ ತಿಳಿಸಬೇಕಾಗುತ್ತೆ," ಅಂದಳು, ಕೋಪವಿಲ್ಲದೆ. "ಅರ್ಜೀಲಿ ಸುಳ್ಳಿದ್ರೆ ಏನಾಗಬಹುದು ನಿಮಗೆ ಗೊತ್ತಿರಬೇಕು. ಮಿಸ್ ಕೀಫ್‌ಗೆ ನಿಮ್ಮ ಪ್ರಬಂಧದ ವಿಷಯ ಗೊತ್ತಾ?"

"ಇಲ್ಲ. ಈಗ ಹೇಳ್ತೀನಿ."

ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡುವಾಗ ಸಂಖ್ಯೆ ಎರಡು ಸಲ ತಪ್ಪಿತು. ಬರ್ನಡೆಟ್ ಪೂರ್ತಿ ಕೇಳಿಸಿಕೊಂಡಳು. ಆ ಕಡೆ ಯಾರದೋ ಮಗು ಅಳುತ್ತಿತ್ತು, ಪ್ರಿಂಟರ್ ಕಟಕಟ ಅನ್ನುತ್ತಿತ್ತು.

"ನಾನು ಕಂಡುಹಿಡಿದಿದ್ದನ್ನ ನಿನ್ನ ಹೆಸರಿಗೆ ಬರ್ಕೊಂಡ್ಯಾ?"

"ಹೂಂ."

"ಥೂ, ನಿನ್ನ. ಬೇರೆ ಏನೂ ಸಿಗ್ಲಿಲ್ವಾ? ನಿನ್ನ ಹತ್ರ ಇರೋ ನಿಜವಾದ ಕಥೆಗಳನ್ನ ಬಿಟ್ಟು ನನ್ನ ಕಥೆ ಕದ್ಯಾ?"

"ನೀವು ಪತ್ರದಲ್ಲಿ ಅದನ್ನ..."

"ಓದೋ ಹಕ್ಕು ಬಿಟ್ಟುಕೊಟ್ಟಿದ್ದೀಯ. ಹೇಳಲ್ಲ." ಪ್ರಿಂಟರಿನಿಂದ ಹಾಳೆ ಎಳೆದ ಸದ್ದಾಯಿತು. "ನಾಳೆ ಬಾ, ಸರಿಯಾಗಿ ಬೈತೀನಿ. ನನಗೆ ಸಿಟ್ಟು ಬಂದಿದೆ ಲೀನಾ, ಇಲ್ಲ ಅಂತ ತಿಳ್ಕೋಬೇಡ. ಅಲ್ಲಿ ಮುಗೀತಾ?"

"ಮಧ್ಯಾಹ್ನ ಇನ್ನೊಂದು ಸುತ್ತಿದೆ. ಐದು ಜನ ಸೇರಿ ಒಂದು ಕೇಸ್ ಮಾತಾಡೋದು."

"ಮತ್ತೆ ನನ್ನ ಹತ್ರ ಯಾಕೆ ಹರಟೆ? ಏನಾದ್ರೂ ತಿನ್ನು." ಫೋನ್ ಇಟ್ಟಳು.

ಊಟದ ಕೋಣೆಯಲ್ಲಿ ಎಲ್ಲರೂ ಸ್ಯಾಂಡ್‌ವಿಚ್ಚಿನ ಅಂಚು ಮಾತ್ರ ಕಚ್ಚುತ್ತಿದ್ದರು, ಹಲ್ಲಿಗೆ ಸೊಪ್ಪು ಸಿಕ್ಕೀತೆಂದು. ಲೀನಾ ಒಂದು ಪೂರ್ತಿ ತಿಂದು ಇನ್ನೊಂದು ಎತ್ತಿಕೊಂಡಳು. ಪೇಟನ್ ಪಕ್ಕಕ್ಕೆ ಬಂದು, "ಹೇಗಾಯ್ತು?" ಅಂದಳು.

"ಕೆಡಿಸ್ಕೊಂಡೆ."

"ಎಲ್ರೂ ಹಾಗೇ ಅಂತಾರೆ."

"ನಾನು ನಿಜವಾಗ್ಲೂ ಕೆಡಿಸ್ಕೊಂಡೆ." ಪೇಟನ್ ಅವಳ ಕಡೆ ಒಂದು ಸೇಬು ಸರಿಸಿದಳು. ಅಷ್ಟರಲ್ಲಿ ಕಾಲೇಜಿನ ಆಫೀಸಿನ ಹೆಂಗಸು, ಪಟ್ಟಿ ಹಿಡಿದವಳು, ಬಂದು ಬಗ್ಗಿ ಲೀನಾಳ ಕಿವಿಯ ಹತ್ತಿರ ಹೇಳಿದಳು: "ಪ್ರಿಚರ್ಡ್ ಹೇಳಿ ಕಳ್ಸಿದ್ದಾರೆ. ನೀವು ಬೇಕಿದ್ರೆ ಮಧ್ಯಾಹ್ನ ಕೂರದೆ ಹೊರಡಬಹುದಂತೆ. ಬಸ್ಸಿಗೆ ಬಂದಿದ್ದೀರಂತಲ್ಲ, ದೂರ ಬೇರೆ." ದನಿ ಮೃದುವಾಗಿತ್ತು. ಸಾವಿನ ಮನೆಯಿಂದ ನೆಂಟರನ್ನು ಕಳಿಸುವಾಗಿನ ಮೃದುತನ. ಲೀನಾಳ ಮೈಯೆಲ್ಲ ಏಳಲು ಹೊರಟಿತು. ಏನಾದರೂ ಹೇಳಿದರೆ ಹಾಗೆಯೇ ಮಾಡುವ ಮೈ ಅದು, ದಾರಿ ತೋರಿಸುವ, ಬಾಗಿಲು ಹಿಡಿದು ನಿಲ್ಲುವ ಮೈ. ಕುರ್ಚಿಯ ಕೈ ಹಿಡಿದುಕೊಂಡು ಕೂತಳು.

"ಹೊರಡಲೇಬೇಕು ಅಂದ್ರಾ?"

"ಇಲ್ಲಪ್ಪ. ಬೇಕಿದ್ರೆ ಅಂದ್ರು."

"ಹಾಗಾದ್ರೆ ಇರ್ತೀನಿ."

ಎರಡು ಗಂಟೆಗೆ ಗುಂಡು ಮೇಜಿನ ಸುತ್ತ ಐದು ಜನರನ್ನು ಕೂರಿಸಿದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ರಟ್ಟು ಇಟ್ಟುಕೊಂಡು, ಅಂಕ ಹಾಕಲು ಪ್ರಿಚರ್ಡ್ ಕೂತಳು. ಲೀನಾಳನ್ನು ನೋಡಿದಳು. ಹಾಳೆಗಳನ್ನು ಹಂಚಿದರು: ಔಷಧಿ ಬೇಡ ಅನ್ನುತ್ತಿರುವ ಒಬ್ಬ ರೋಗಿ, ಸಿಟ್ಟಾದ ಮಗ, ಹತ್ತು ನಿಮಿಷ. ಈ ಸುತ್ತಿಗೆ ಏನು ಮಾಡಬೇಕೆಂದು ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ, ಅವಳಿಗೂ ಹೇಳಿಕೊಟ್ಟಿದ್ದರು. ಮೊದಲು ಮಾತಾಡಿದವರು ಮೇಲೆ ಬಿದ್ದು ಮಾತಾಡುವವರು ಎಂದು ಲೆಕ್ಕ, ಕೊನೆಗೆ ಮಾತಾಡಿದವರು ಏನೂ ಇಲ್ಲದವರು ಎಂದು ಲೆಕ್ಕ. ಎರಡನೆಯವರಾಗಿ, ಇಲ್ಲವೇ ಮೂರನೆಯವರಾಗಿ ಬಾಯಿ ತೆರೆಯಬೇಕು. ಹಾಗಾಗಿ ನಾಲ್ಕು ಎಳೆಯ ಮುಖಗಳು ಹಾಳೆಯ ಮೇಲೆ ಕಣ್ಣಿಟ್ಟು, ಇನ್ನೊಬ್ಬರು ಶುರುಮಾಡಲೆಂದು ಕಾಯುತ್ತಿದ್ದವು. ಗೋಡೆಯ ಬಳಿ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಅದು ತನ್ನ ಹೆಸರಿನ ಎದುರೇ ನಿಂತಿರಬಹುದು ಎಂದು ಲೀನಾಳಿಗೆ ಗೊತ್ತಿತ್ತು.

"ಯಾರು ಶುರು ಮಾಡ್ತೀರಿ?" ಎಂದಳು ಪ್ರಿಚರ್ಡ್.

ಲೀನಾ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು.

"ನಾನು."